ಮೊಳಕ್ಕೊಂದು ಬೆರಳಿನ ಬಸ್ಸು

ನಮ್ಮೂರ ಬಡಿಗ ಕಾಕಾ ಗೋಕಾಕದ ಗೊಂಬೆ ಮಾಡುವವರಿಂದ ಹಗುರ ಕಟ್ಟಿಗೆ ತಂದು, ಬೆರಳಗಲದ ಪುಟ್ಟ ಇಟ್ಟಿಗೆಗಳನ್ನು ಕೊರೆಯುತ್ತಿದ್ದರು. ಒಂದರ ತಲೆ ಇನ್ನೊಂದರ ತೂತಿನಲ್ಲಿ ಬಿಗಿಯಾಗಿ ಕೂರುತ್ತಿತ್ತು, ಮೊಳೆಯಿಲ್ಲ, ಅಂಟಿಲ್ಲ. ಹಾಗೆ ಜೋಡಿಸಿಯೇ ಜೀಪು, ಲಾರಿ ಕಟ್ಟುತ್ತಿದ್ದರು. ನಿಜವಾದ ಗಾಡಿಯ ಮೊಳಕ್ಕೆ ಇದರ ಒಂದು ಬೆರಳು. ಒಂದು ಕಣ್ಣು ಮುಚ್ಚಿ ಚಕ್ರ ನೋಡುತ್ತ, "ಅಳತಿ ಸುಳ್ಳ ಹೇಳಬಾರದು" ಎನ್ನುತ್ತಿದ್ದರು.

ಆಗ ಹುಕ್ಕೇರಿಯ ಬಸ್ಸು ಊರೊಳಗೆ ಬರುತ್ತಿರಲಿಲ್ಲ. ದಿನ ತುಂಬಿದ ಬಸುರಿಯನ್ನೂ ಎರಡು ಮೈಲಿ ಬಂಡಿಯಲ್ಲಿ ಒಯ್ಯಬೇಕಿತ್ತು. ಓಣಿಯ ಮೂಲೆಯಲ್ಲಿ ಬಸ್ಸು ತಿರುಗದು ಎನ್ನುವುದು ಬಸ್ಸಿನ ಸಾಹೇಬರ ವಾದ. ಕಾಕಾ ಹಗ್ಗ ಹಿಡಿದು ಬಸ್ಸನ್ನೂ ಓಣಿಯನ್ನೂ ಅಳೆದು, ಎರಡನ್ನೂ ಹಲಗೆಯ ಮೇಲೆ ಕಟ್ಟಿದರು. ಸಾಹೇಬರು ಅದನ್ನು ನೋಡಲು ಬರುವ ಮುಂಜಾನೆ ಓಡಿಸಿ ನೋಡಿದರೆ, ಬಸ್ಸು ಮೂಲೆಗೆ ಸಿಕ್ಕಿಕೊಂಡಿತು!

"ಕಾಕಾ, ಬಸ್ಸಿನಾಗ ಒಂದ ಸಾಲು ಇಟ್ಟಂಗಿ ತಗೀರಿ. ಸಾಹೇಬರೇನು ಎಣಿಸಾಕ ಬರ್ತಾರ?" ಎಂದೆ. ಮಾಲಿನ ಚೆಂದದ ಮಗ್ಗುಲನ್ನೇ ಮುಂದಿಡಬೇಕು. ವ್ಯಾಪಾರಕ್ಕೆ ಇಳಿದವರಿಗೆ ಈಗಲೂ ಅದನ್ನೇ ಹೇಳುತ್ತೇನೆ.

"ಇಲ್ಲಿ ತಿರಗಿದ್ದು ಅಲ್ಲಿ ಸಿಕ್ಕೊಂಡರ, ಡ್ರೈವರಗ ನೀ ಉತ್ತರ ಹೇಳತಿಯೇನೋ ಶಾಣ್ಯಾ?"

ಸಾಹೇಬರು ಬಂದು ನೋಡಿ, "ನಾ ಹೇಳಿದ್ದ ಖರೆ ಆತಲ್ರಿ" ಎಂದು ಎದ್ದೇ ಬಿಟ್ಟರು.

"ತಡೀರಿ ಸಾಹೇಬರ." ಕಾಕಾ ಹಲಗೆಯ ಮೇಲಿನ ಮೂಲೆಮನೆಯ ಮುಂದಿನ ಕಟ್ಟೆಯ ಇಟ್ಟಿಗೆಗಳನ್ನು ಒಂದೊಂದಾಗಿ ಕಿತ್ತರು. ಬಸ್ಸು ಸರಾಗವಾಗಿ ತಿರುಗಿತು.

"ಕಟ್ಟಿ ಕೆಡವಾಕ ಮನಿಯವರು ಒಪ್ಪಬೇಕಲ್ರಿ?"

"ಒಪ್ಪ್ಯಾರ್ರಿ. ಅದು ನಂದ ಮನಿ."

ಸಾಹೇಬರು ಮತ್ತೆ ಕುಳಿತು, ಬಸ್ಸು ಎಷ್ಟು ಗಂಟೆಗೆ ಬರಬೇಕೆಂದು ಕೇಳಿದರು.