ಸಾಹೇಬರ ವರ್ಗಾವಣೆ ಮೊದಲು ನನ್ನ ಮೊಬೈಲಿಗೆ ಬಂತು

ಗೆಳೆಯರೇ, ಇವತ್ತು ಹಡಗಲಿಯ ತೋಟಗಾರಿಕೆ ಇಲಾಖೆ ಕಚೇರಿಯಲ್ಲಿ ನನ್ನ ಕಾಲ ಮೇಲೆ ನಾನೇ ಕಲ್ಲು ಹಾಕಿಕೊಂಡೆ.

ಮಲ್ಲಿಗೆ ತೋಟಕ್ಕೆ ಹನಿ ನೀರಾವರಿ ಹಾಕಿಸುವ ಅರ್ಜಿಗೆ ಸಾಹೇಬರ ಸಹಿ ಬೇಕಿತ್ತು. ಆ ಇಲಾಖೆಯ ವೆಬ್‌ಸೈಟನ್ನು ದಿನಾ ತೆರೆದು ನೋಡುವುದು ಬೇಸರವೆಂದು ಅದರ ಫೀಡನ್ನು ಮೊಬೈಲಿಗೆ ಹಾಕಿಕೊಂಡಿದ್ದೇನೆ. ಅಲ್ಲಿ ಏನೇ ಹೊಸದು ಬಂದರೂ ತಾನಾಗಿ ನನಗೆ ತಲುಪುತ್ತದೆ. ಸಾಹೇಬರು ಪೆನ್ನು ತೆಗೆಯುವುದಕ್ಕೂ ಮೊಬೈಲು ಟಿಣ್ ಎನ್ನುವುದಕ್ಕೂ ಸರಿಹೋಯಿತು. ಓದಿದವನು ಬಾಯಿ ಮುಚ್ಚಿಕೊಂಡು ಇರಬೇಕಿತ್ತು.

"ಸಾಹೇಬ್ರ, ನಿಮಗ ಹರಪನಹಳ್ಳಿಗೆ ವರ್ಗ ಆಗೈತ್ರಿ."

"ಯಾರು ಹೇಳಿದ್ರು? ನಮಗಿನ್ನಾ ಆರ್ಡರೇ ಬಂದಿಲ್ಲ!"

ಮೊಬೈಲು ತೋರಿಸಿದೆ. ಎರಡು ಸಲ ಓದಿ, ಪೆನ್ನಿಗೆ ಮುಚ್ಚಳ ಹಾಕಿದರು.

"ಇನ್ನ ನಾನು ಸಹಿ ಮಾಡಂಗಿಲ್ಲ. ಹೊಸಬ್ರು ಬಂದ ಮ್ಯಾಲೆ ಬರ್ರಿ."

"ಅವ್ರು ಯಾವಾಗ ಬರ್ತಾರ್ರಿ?"

"ಅದೂ ನಿಮ್ಮ ಫೋನಿಗೇ ಮೊದಲು ಬರತೈತಿ. ಬಂದ್ರ ನನಗೂ ಹೇಳ್ರಿ."

ಹೊರಡುವಾಗ ಗುಮಾಸ್ತರೆಲ್ಲ ಅಡ್ಡಗಟ್ಟಿ, "ನಮಗೂ ಅದನ್ನ ಹಾಕಿಕೊಡ್ರಿ" ಎಂದರು. ಐದು ಮೊಬೈಲಿಗೆ ಹಾಕಿಕೊಟ್ಟೆ. ಈಗ ಇಡೀ ಕಚೇರಿ ಫೀಡು ನೋಡುತ್ತ ಕೂತಿದೆ, ನನ್ನ ಅರ್ಜಿ ಯಾರ ಕಣ್ಣಿಗೂ ಬಿದ್ದಿಲ್ಲ.

ಹೊಸ ಸಾಹೇಬರ ಹತ್ತಿರ ಹೋಗುವ ದಿನ ಮೊಬೈಲನ್ನು ಮನೆಯಲ್ಲೇ ಬಿಟ್ಟು ಹೋಗುತ್ತೇನೆ. ಅವರಿಗೂ ವರ್ಗವಾಗಿದ್ದರೆ ಸಹಿ ಬಿದ್ದ ಮೇಲೆ ಗೊತ್ತಾಗಲಿ.