ಯಾರೂ ಬೀಳದ ವಾರ್ಡು

ನರ್ಸಮ್ಮನಿಗೆ ಬೀಳುವವರನ್ನು ಕಂಡರಾಗದು ಎಂದು ಆಸ್ಪತ್ರೆಯಲ್ಲಿ ಗೇಲಿ ಮಾಡುತ್ತಿದ್ದರು. ನಿಜವಾಗಿ ಅವಳಿಗಿದ್ದದ್ದು ಭಯ. ಹಿಂದೊಮ್ಮೆ ಅವಳ ಕಣ್ಣೆದುರೇ ಒಬ್ಬ ಮುದುಕಿ ಬಚ್ಚಲ ಬಾಗಿಲಲ್ಲಿ ಬಿದ್ದು ಸೊಂಟ ಮುರಿದುಕೊಂಡಿದ್ದಳು, ಮತ್ತೆ ಮನೆ ಸೇರಲಿಲ್ಲ. ಹಾಗಾಗಿ, ರೋಗಿಗಳು ಬೀಳದಂತೆ ಕಾಯುವುದು ಹೇಗೆ ಎಂಬ ಸಂಶೋಧನೆಗೆ ದೊಡ್ಡ ಡಾಕ್ಟರು ಕರೆದಾಗ ಹಿಂದೆ ಮುಂದೆ ನೋಡದೆ ಸೇರಿಕೊಂಡಳು.

ಉಪಾಯವೂ ಅವಳದೇ. ನಡಿಗೆ ಭದ್ರವಿಲ್ಲದವರ ಕೈಗೆ ಹಳದಿ ಪಟ್ಟಿ, ಹಾಸಿಗೆಯಡಿ ಒಂದು ಕರೆಗಂಟೆ. ರೋಗಿ ಎದ್ದರೆ ಅದು ಬಡಿದುಕೊಳ್ಳುತ್ತದೆ, ನರ್ಸು ಓಡಿಬರುತ್ತಾಳೆ. ಯಾರೂ ಬೀಳದೆ ವಾರ ಕಳೆದರೆ ವಾರ್ಡಿನ ಬಾಗಿಲಿಗೆ ಹಸಿರು ಚೀಟಿ. ಚೀಟಿಗಳು ಸಾಲಾಗಿ ಬಂದವು, ನರ್ಸಮ್ಮ ಹಿಗ್ಗಿ ಹೀರೇಕಾಯಿಯಾದಳು.

ಆಗ ಅವಳ ಸೋದರಮಾವ ಜ್ವರ, ಕೆಮ್ಮು ಎಂದು ಅದೇ ವಾರ್ಡಿಗೆ ಸೇರಿದ. ಅಪ್ಪ ಸತ್ತ ಮೇಲೆ ಅವಳನ್ನು ಸಾಕಿದವನು, ಬಸ್ ಕಂಡಕ್ಟರು. ಡ್ರೈವರು ಬ್ರೇಕ್ ಒತ್ತಿದರೆ ಪ್ರಯಾಣಿಕರು ಒಬ್ಬರ ಮಡಿಲಲ್ಲೊಬ್ಬರು ಬೀಳುತ್ತಿದ್ದರು, ಮಾವ ಮಾತ್ರ ಕಂಬಕ್ಕೂ ಒರಗದೆ ಚಿಲ್ಲರೆ ಎಣಿಸುತ್ತಿದ್ದ. ಜ್ವರದ ನಿತ್ರಾಣ ಕಂಡು ಅಂಥವನ ಕೈಗೂ ಅವಳೇ ಹಳದಿ ಪಟ್ಟಿ ಕಟ್ಟಿದಳು.

ಜ್ವರ ಬಿಟ್ಟಿತು, ಕೆಮ್ಮು ನಿಲ್ಲಲು ಇನ್ನೂ ಮೂರು ವಾರ ಹಿಡಿಯಿತು. ಮನೆಗೆ ಕಳಿಸುವ ಮುಂಚೆ ಅವನನ್ನು ನಿಲ್ಲಿಸಿ ನೋಡಿದರೆ ಮೊಣಕಾಲು ಮಡಚಿಕೊಂಡವು, ಇಬ್ಬರು ಹಿಡಿದು ಕೂರಿಸಬೇಕಾಯಿತು. ತೊಡೆಗಳು ಕಡ್ಡಿಯಾಗಿದ್ದವು.

ಅಂದು ಮಧ್ಯಾಹ್ನ ಅವಳು ವಾರ್ಡಿನಲ್ಲೇ ಕೂತು ನೋಡಿದಳು. ಯಾರು ಕಾಲು ಕೆಳಗಿಟ್ಟರೂ ಗಂಟೆ ಬಡಿಯುತ್ತಿತ್ತು, ನರ್ಸು ಓಡಿಬಂದು ಅವರನ್ನು ಮತ್ತೆ ಮಲಗಿಸುತ್ತಿದ್ದಳು. ಬಚ್ಚಲಿಗೆ ಹೋಗಬಲ್ಲವರಿಗೂ ಹಾಸಿಗೆಯಲ್ಲೇ ಪಾತ್ರೆ. ಆ ನರ್ಸು ಹುಡುಗಿಯರನ್ನು ಬೈದು ಏನು ಫಲ? ಅವಳು ಕಲಿಸಿದ್ದನ್ನೇ ಅವರು ಮಾಡುತ್ತಿದ್ದರು. ಮಾಡಿದ್ದುಣ್ಣೋ ಮಹಾರಾಯ ಅನ್ನುತ್ತಾರೆ. ಇಲ್ಲಿ ಮಾಡಿದವಳು ಇವಳು, ಉಂಡವನು ಮಾವ.

ನೇರ ಡಾಕ್ಟರ ಕೋಣೆಗೆ ಹೋದಳು.

"ಯಾರೂ ಬೀಳಲಿಲ್ಲ ಸಾರ್, ನಿಜ. ಯಾರೂ ಏಳಲೂ ಇಲ್ಲ."

ಡಾಕ್ಟರು ಕೆಟ್ಟವರಲ್ಲ. ನಾವು ಬಿದ್ದವರನ್ನು ಎಣಿಸಿದೆವು, ನಡೆದವರನ್ನು ಎಣಿಸಲಿಲ್ಲ, ಮುಂದಿನ ಸಲ ಎಣಿಸೋಣ ಎಂದರು. ಈಗ ನಡುವೆ ನಿಯಮ ಬದಲಿಸಿದರೆ ಇಷ್ಟು ದಿನದ ದುಡಿಮೆ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಗುತ್ತದೆ ಎಂದೂ ಸೇರಿಸಿದರು. ಮುಂದಿನ ಸಲದವರೆಗೆ ಮಾವನ ಕಾಲು ಕಾಯುತ್ತದೆಯೇ? ಅವಳಿಗೆ ಸಿಟ್ಟಿಗಿಂತ ನಾಚಿಕೆಯೇ ಹೆಚ್ಚಾಯಿತು.

ವಾರ್ಡಿಗೆ ಬಂದವಳೇ ಗಂಟೆ ಆರಿಸಿ, ಮಾವನ ಮಂಚದ ಪಕ್ಕದ ತಡೆಸರಳು ಇಳಿಸಿದಳು.

"ಏಳು ಮಾವ. ನಾನು ಹಿಡ್ಕೋತೀನಿ. ದಿನಾ ನಾಲ್ಕು ಹೆಜ್ಜೆ ಹಾಕಿದ್ರೆ ಕಾಲಿಗೆ ಬಲ ಬರುತ್ತೆ."

ಮಾವ ಬಾಗಿಲ ಕಡೆ ನೋಡಿ ದನಿ ತಗ್ಗಿಸಿದ.

"ಬೇಡ ಪುಟ್ಟಿ. ಜ್ವರ ಬಿಟ್ಟ ದಿನಾನೇ ನಂಗೆ ಏಳೋಕಾಗ್ತಿತ್ತು. ನಾನೇ ಏಳಲಿಲ್ಲ. ನಾನು ಬಿದ್ರೆ ನಿನ್ನ ಹೆಸರು ಕೆಡುತ್ತಂತೆ."

ಹಾಗೆಂದು ಸರಳನ್ನು ತಾನೇ ಮೇಲೆತ್ತಿಕೊಳ್ಳಲು ಕೈ ಚಾಚಿದ.