ಎಡಗಾಲಿನ ಲೆಕ್ಕ

ಸೈಕಲ್ ಅಂಗಡಿಯವನನ್ನು ಬೀದಿಯವರೆಲ್ಲ ಗೇರ್ ಮಾಮ ಎಂದೇ ಕರೆಯುತ್ತಿದ್ದರು. ಚಕ್ರ ತಿರುಗಿಸಿ ಕಿವಿಗೊಟ್ಟನೆಂದರೆ ಸಾಕು, ಸರಪಳಿ ಯಾವ ಹಲ್ಲಿನ ಮೇಲೆ ಗೊಣಗುತ್ತಿದೆ ಎಂದು ಹೇಳಿಬಿಡುವ ಆಸಾಮಿ. ಗಿರಾಕಿಗಳನ್ನು ಬೈಯುವುದರಲ್ಲೂ ಅಷ್ಟೇ ಹೆಸರುವಾಸಿ. "ಸೈಕಲ್ಲನ್ನ ಹೀಗಾ ಇಟ್ಕೊಳ್ಳೋದು? ಇದಕ್ಕೆ ಬಾಯಿದ್ದಿದ್ರೆ ಪೊಲೀಸರ ಹತ್ರ ಹೋಗ್ತಿತ್ತು" ಎನ್ನುತ್ತಿದ್ದ. ಬೈಸಿಕೊಂಡವರು ನಗುತ್ತಲೇ ಮತ್ತೆ ಬರುತ್ತಿದ್ದರು.

ಇಷ್ಟಿದ್ದೂ ದೀಪದ ಬುಡದಲ್ಲೇ ಕತ್ತಲೆ. ರೇಸಿಗೆ ಹೋಗುತ್ತಿದ್ದ ಸ್ವಂತ ಮಗಳ ಸೈಕಲ್ಲಿನ ಗೇರ್ ವೈರು ಲಿವರಿನೊಳಗೆ ಎಳೆ ಎಳೆಯಾಗಿ ಸವೆದಿದ್ದನ್ನು ಅವನು ನೋಡಿರಲಿಲ್ಲ. ಸದ್ದು ಸರಿಯಾಗಿದೆಯಲ್ಲ ಎಂದು ಬಿಚ್ಚದೆ ಬಿಟ್ಟಿದ್ದ. ಏರಿನಲ್ಲಿ ಅದು ಪಟ್ಟನೆ ಹರಿದು, ಸರಪಳಿ ಜಿಗಿದು, ಹುಡುಗಿ ಬಲಕ್ಕೆ ಬಿದ್ದಳು. ಮೊಣಕಾಲೂ ಮುರಿಯಿತು, ಮಣಿಕಟ್ಟೂ ಮುರಿಯಿತು. "ಹೋಗ್ಲಿ ಬಿಡಪ್ಪ, ಬೇಕಂತ ಮಾಡಿದ್ಯಾ?" ಎಂದು ಆಸ್ಪತ್ರೆಯ ಮಂಚದ ಮೇಲಿಂದ ಅವಳೇ ಸಮಾಧಾನ ಹೇಳಿದಳು. ಅವನಿಗೆ ಅದು ಬೈಗುಳಕ್ಕಿಂತ ಹೆಚ್ಚು ಚುಚ್ಚಿತು.

ಎಂಟು ತಿಂಗಳು ಮನೆಯಲ್ಲಿ ಯಾರೂ ಸರಿಯಾಗಿ ನಗಲಿಲ್ಲ. ವೈರಿನ ಸಹವಾಸವೇ ಬೇಡವೆಂದು ಮಾಮ ಅವಳ ಸೈಕಲ್ಲಿಗೆ ಎಲೆಕ್ಟ್ರಾನಿಕ್ ಗೇರ್ ಕೂರಿಸಿದ. ಬಟನ್ ಮುಟ್ಟಿದರೆ ಪುಟ್ಟ ಮೋಟಾರು ಸುಂಯ್ ಎಂದು ಸರಪಳಿಯನ್ನು ದಾಟಿಸುತ್ತದೆ. ಬಲವಿಲ್ಲದ ಬೆರಳಿಗೂ ಕಷ್ಟವಿಲ್ಲ. ಅದರ ಜೊತೆಗೆ, ತುಳಿತದ ಬಲವನ್ನು ವ್ಯಾಟ್ ಲೆಕ್ಕದಲ್ಲಿ ತೋರಿಸುವ ಪವರ್ ಮೀಟರ್. ಎಡ ಪೆಡಲಿನ ತೋಳಿಗೆ ಮಾತ್ರ ಹಾಕುವ ಬಗೆಯದು. ಅದು ಎಡಗಾಲನ್ನಷ್ಟೇ ಅಳೆದು, ಬಲಗಾಲೂ ಅಷ್ಟೇ ತುಳಿಯುತ್ತದೆಂದು ನಂಬಿ, ಎರಡರಿಂದ ಗುಣಿಸಿಬಿಡುತ್ತದೆ. ಸ್ಪ್ಯಾನರ್ ಹಿಡಿಯುವ ಮೊದಲೇ ಈ ಮಾತನ್ನು ಪ್ರತಿ ಗಿರಾಕಿಗೂ ಹೇಳುವುದು ಅವನ ಪದ್ಧತಿ.

ಮಗಳಿಗೂ ಹೇಳುವವನೇ ಇದ್ದ. ಅಷ್ಟರಲ್ಲಿ ಅವಳು ಅಂಗಡಿಯೊಳಗೆ, ನಿಂತಲ್ಲೇ ತುಳಿಯುವ ಸ್ಟ್ಯಾಂಡಿನ ಮೇಲೆ ಸೈಕಲ್ ಹತ್ತಿಯಾಗಿತ್ತು. ಹತ್ತು ನಿಮಿಷಕ್ಕೆ ಕೂಗಿದಳು: "ಅಪ್ಪಾ, ಇನ್ನೂರ ಹತ್ತು! ನಮ್ಮ ತಂಡದಲ್ಲಿ ಯಾರದ್ದೂ ಇನ್ನೂರು ದಾಟಲ್ಲ. ನಂಗೆ ಪೂರ್ತಿ ವಾಸಿಯಾಗಿದೆ ಅಪ್ಪಾ!" ಇಳಿದು ಬಂದು, ಅವನ ಗ್ರೀಸಿನ ಅಂಗಿಯನ್ನೂ ಲೆಕ್ಕಿಸದೆ ತಬ್ಬಿಕೊಂಡಳು. ಊರಿಗೆಲ್ಲ ಉಪದೇಶ ಮಾಡುವ ನಾಲಿಗೆ ಆ ಹೊತ್ತಿಗೆ ಏಳಲಿಲ್ಲ.

ನಾಳೆ ಹೇಳಿದರಾಯಿತು ಎಂದುಕೊಂಡ. ಮಾರನೆಯ ದಿನ ಹೆಂಡತಿ, "ಈಗ ಮನೆ ಮನೆ ಥರ ಆಯ್ತು ನೋಡಿ" ಎಂದಳು. ಇನ್ನೆಲ್ಲಿಯ ಹೇಳುವುದು? ಮಗಳು ಮುಂದಿನ ರೇಸಿಗೆ ಹೆಸರನ್ನೂ ಕೊಟ್ಟು ಬಂದಳು. ಮಾತು ಬಾಯಲ್ಲಿಟ್ಟ ಬಿಸಿ ತುಪ್ಪವಾಯಿತು, ನುಂಗುವಂತಿಲ್ಲ, ಉಗುಳುವಂತಿಲ್ಲ. ಹೇಡಿ ಎನ್ನಬೇಕೆಂದರೆ ಎನ್ನಿ. ಅವನೂ ತನ್ನನ್ನು ಹಾಗೇ ಅಂದುಕೊಳ್ಳುತ್ತಿದ್ದ.

ಮೂರು ವಾರದ ಮೇಲೆ, ಮಗಳ ಮುರಿದ ಕಾಲಿಗೆ ವ್ಯಾಯಾಮ ಹೇಳಿಕೊಡುತ್ತಿದ್ದ ಡಾಕ್ಟರಮ್ಮ ಅಂಗಡಿಗೇ ಫೋನ್ ಮಾಡಿದರು. "ನಿಮ್ಮ ಮಗಳು ಬರೋದೇ ಬಿಟ್ಟಿದ್ದಾಳಲ್ಲ? ಕೇಳಿದ್ರೆ, ಕಾಲು ವಾಸಿಯಾಗಿದೆ ಅಂತ ಮೀಟರೇ ಹೇಳುತ್ತೆ ಅಂತಾಳೆ. ಬಲತೊಡೆ ಇನ್ನೂ ಎರಡು ಬೆರಳು ತೆಳ್ಳಗಿದೆ. ಈ ಕಾಲಲ್ಲಿ ರೇಸಿಗೆ ಹೋದ್ರೆ ಮೊಣಕಾಲು ಮತ್ತೆ ಸರಿಹೋಗಲ್ಲ."

ಸಂಜೆ ಮಗಳು ಬಂದು ಸ್ಟ್ಯಾಂಡಿನ ಮೇಲೆ ತುಳಿಯತೊಡಗಿದಾಗ ಮಾಮ ಎದುರಿಗೆ ಹೋಗಿ ನಿಂತ.

"ಎಡಗಾಲು ಪೆಡಲಿಂದ ತೆಗಿ ಪುಟ್ಟೀ. ಬಲಗಾಲಲ್ಲಿ ಮಾತ್ರ ತುಳಿ."

ತೆಗೆದಳು. ಬಲಗಾಲು ನಡುಗುತ್ತ ಪೆಡಲನ್ನು ಎಳೆದೆಳೆದು ತಿರುಗಿಸಿತು. ಪರದೆಯ ಮೇಲಿನ ಅಂಕಿ ಇಳಿಯುತ್ತ ಇಳಿಯುತ್ತ ಸೊನ್ನೆಗೆ ಬಂದು ನಿಂತಿತು.

"ಮೀಟರ್ ಕೆಟ್ಟೋಗಿದೆ" ಎಂದಳು.

"ಕೆಟ್ಟಿಲ್ಲ" ಎಂದು ಅವನು ಎಲ್ಲವನ್ನೂ ಹೇಳಿದ. ಮುಚ್ಚಿಡಲು ಇನ್ನೇನೂ ಉಳಿಯಲಿಲ್ಲ.

ಅವಳು ತುಳಿಯುವುದನ್ನು ನಿಲ್ಲಿಸಿದಳು. "ನಿಂಗೆ ಯಾವಾಗ ಗೊತ್ತಾಯ್ತು?"

"ಹಾಕೋಕೆ ಮುಂಚೆನೇ ಗೊತ್ತಿತ್ತು."

"ದಾರೀಲಿ ಹೋಗೋರಿಗೆಲ್ಲ ಹೇಳ್ತೀಯ. ನಂಗ್ಯಾಕೆ ಹೇಳ್ಲಿಲ್ಲ?"

"ನೀನು ನಗ್ತಿದ್ದೆ ಕಣೇ. ಎಷ್ಟು ದಿನ ಆಗಿತ್ತು..."

"ನಾನು ನಕ್ರೆ ನಿಂಗೆ ಸಮಾಧಾನ. ಅದಕ್ಕೆ ನನ್ನ ಕಾಲು ಹೋದ್ರೂ ಪರವಾಗಿಲ್ವಾ?"

ಅವಳು ಸೈಕಲ್ ಇಳಿಸಿಕೊಂಡು, ಹತ್ತದೆ, ತಳ್ಳಿಕೊಂಡೇ ಮನೆಗೆ ಹೋದಳು.

ಮಾರನೆಯ ದಿನದಿಂದ ಡಾಕ್ಟರಮ್ಮನ ಬಳಿಗೆ ಹೋಗತೊಡಗಿದಳು. ರೇಸಿನ ಪಟ್ಟಿಯಿಂದ ಹೆಸರು ತೆಗೆಸಿದಳು. ಇದನ್ನೆಲ್ಲ ಅಮ್ಮನಿಗೆ ಹೇಳಿದಳು. ಅಪ್ಪನಿಗೆ ಅಮ್ಮನ ಬಾಯಿಂದ ತಿಳಿಯಿತು.

ವಾರ ಕಳೆದ ಮೇಲೆ, ಮೇಲಿನ ಬೀದಿಯ ಸೈಕಲ್ ಅಂಗಡಿಯ ಹಳೆಯ ಗೆಳೆಯ ಫೋನ್ ಮಾಡಿದ. ಒಬ್ಬ ಮೆಕ್ಯಾನಿಕ್ಕನ ಮನೆಯ ಸೈಕಲ್ಲಿಗೆ ಇನ್ನೊಬ್ಬ ಕೇಳದೆ ಕೈ ಹಚ್ಚುವಂತಿಲ್ಲ, ಈ ಕಸುಬಿನವರು ಮೀರದ ಕಟ್ಟಳೆ ಅದು.

"ಏನಯ್ಯಾ, ನಿನ್ನ ಮಗಳು ಇಲ್ಲಿ ಬಂದು ಕೂತಿದ್ದಾಳೆ. ಎರಡೂ ಕಾಲು ಬೇರೆ ಬೇರೆ ಅಳೆಯೋ ಮೀಟರ್ ಬೇಕಂತೆ. ಅಪ್ಪನ ಹತ್ರ ಹೋಗಮ್ಮ ಅಂದ್ರೆ ಮಾತೇ ಆಡ್ತಿಲ್ಲ. ಏನ್ ಮಾಡ್ಲಿ?"

ಅವಳ ಮೂರು ಚಕ್ರದ ಸೈಕಲ್ಲಿನಿಂದ ಹಿಡಿದು ಇಲ್ಲಿಯವರೆಗೆ ಬೇರೆ ಯಾರೂ ಅವಳ ಗಾಡಿಗೆ ಸ್ಪ್ಯಾನರ್ ಇಟ್ಟಿರಲಿಲ್ಲ.

"ಹಾಕ್ಕೊಡು" ಎಂದ ಮಾಮ. "ಅವಳು ಏನು ಕೇಳಿದ್ರೂ ನಿಜಾನೇ ಹೇಳು."